ಗಾಜಿನ ಮೇಲಿನ ಹೆಸರು, ಮನೆತನದ ನೆನಪು: ಗೋಲಿ ಸೋಡಾ ಬಾಟಲಿಯ ಚರಿತ್ರೆ ಮತ್ತು ಶೋಧದ ವಿಧಾನ

ಕೊಪ್ಪಳ ಪರಿಸರದ ಚರಿತ್ರೆ ಎಂದೊಡನೆ ವಿದ್ವಾಂಸರ ಗಮನ ಸಹಜವಾಗಿಯೇ ಕಲ್ಲಿನ ಕಡೆಗೆ ಹೋಗುತ್ತದೆ. ಗವಿಮಠ ಹಾಗೂ ಪಾಲ್ಕಿಗುಂಡುಗಳಲ್ಲಿರುವ ಅಶೋಕನ ಶಾಸನಗಳು, ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಕೊಪಣ, ಅಲ್ಲಿಯ ಜೈನ ನೆಲೆಗಳು, ಬೆಟ್ಟದ ಮೇಲಣ ಕೋಟೆ ಇವು ಈ ನೆಲದ ಚರಿತ್ರೆಯ ಪ್ರಸಿದ್ಧ ಆಕರಗಳು. ಕೊಪ್ಪಳ ತಾಲೂಕಿನ ಹೋಬಳಿ ಕೇಂದ್ರವಾದ ಇರಕಲ್ಲಗಡವೂ ತನ್ನ ಹೆಸರಿನ ಕೊನೆಯಲ್ಲಿಯೇ ಗಡವನ್ನು, ಎಂದರೆ ಕೋಟೆಯನ್ನು, ಇರಿಸಿಕೊಂಡಿರುವ ಊರು. ಇಂಥ ಊರಿನ ಚರಿತ್ರೆಯನ್ನು ಬರೆಯುವವರು ಕೋಟೆಯ ಗೋಡೆಯಿಂದ ಆರಂಭಿಸುವುದು ರೂಢಿ. ಆದರೆ ಕೋಟೆಯ ಕೆಳಗಿನ ಓಣಿಗಳಲ್ಲಿ, ಸಂತೆಯ ಬಯಲಿನಲ್ಲಿ, ಬಸ್ಸು ನಿಲ್ಲುವ ಜಾಗದಲ್ಲಿ ಕಳೆದ ನೂರು ವರ್ಷಗಳಲ್ಲಿ ಬದುಕಿದ ಸಣ್ಣ ವ್ಯಾಪಾರಸ್ಥರ ಮನೆತನಗಳಿಗೆ ಶಾಸನಗಳಿಲ್ಲ. ಅವರು ಬಿಟ್ಟುಹೋದ ಬರಹ ಬೇರೆ ವಸ್ತುಗಳ ಮೇಲಿದೆ. ಅಂಥ ವಸ್ತುಗಳಲ್ಲಿ ಒಂದು ಉಬ್ಬಕ್ಷರಗಳುಳ್ಳ ಗೋಲಿ ಸೋಡಾ ಬಾಟಲಿ.

ಗಾಜಿನ ಮೇಲೆ ಉಬ್ಬಿನಿಂತ ಅಕ್ಷರಗಳನ್ನು ಒಂದು ಬಗೆಯ ಶಾಸನವೆಂದೇ ಓದಬಹುದು. ಅದರಲ್ಲಿ ಒಂದು ಹೆಸರು, ಒಂದು ಊರು, ಕೆಲವೊಮ್ಮೆ ಒಂದು ಗುರುತಿನ ಚಿತ್ರ ಇರುತ್ತವೆ. ಆದರೆ ಆ ಹೆಸರು ಯಾರದು ಎಂಬ ಪ್ರಶ್ನೆ ಮೇಲುನೋಟಕ್ಕೆ ಕಾಣುವಷ್ಟು ಸರಳವಲ್ಲ. ಗಾಜಿನ ಮೇಲಿನ ಹೆಸರು ಬಹುತೇಕ ಸಂದರ್ಭಗಳಲ್ಲಿ ಮನೆತನದ ಹೆಸರಲ್ಲ. ಇವೆರಡರ ನಡುವಿನ ಅಂತರವನ್ನು ಕಾಗದದ ದಾಖಲೆ ಮತ್ತು ಜನರ ನೆನಪು ಎರಡನ್ನೂ ಬಳಸಿಯೇ ತುಂಬಬೇಕಾಗುತ್ತದೆ. ಇವುಗಳಲ್ಲಿ ನೆನಪು ವೇಗವಾಗಿ ಅಳಿಯುತ್ತಿರುವ ಆಕರ. ಈ ಮಾತನ್ನು ಬಾಟಲಿಯ ರಚನೆ, ಅದರ ಹುಟ್ಟಿನ ಹಿಂದಿರುವ ಮನೆತನಗಳು, ಭಾರತದ ಕೆಲವು ಸೋಡಾ ಮನೆತನಗಳ ನಿದರ್ಶನ ಹಾಗೂ ಕೊಪ್ಪಳ ಸೀಮೆಯ ಸಂದರ್ಭ ಇವುಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

1. ವಸ್ತುವಿನ ರಚನೆ

ನೀರಿಗೆ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಬೆರೆಸುವ ವಿಧಾನವನ್ನು ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ 1767ರಲ್ಲಿ ಲೀಡ್ಸ್ ನಗರದಲ್ಲಿ ಕಂಡುಕೊಂಡನು. ಜಿನೀವಾದ ಯೋಹಾನ್ ಜೇಕಬ್ ಷ್ವೆಪ್ಪೆ 1783ರಲ್ಲಿ ಇದನ್ನು ಉದ್ಯಮವಾಗಿ ರೂಪಿಸಿ, 1792ರಲ್ಲಿ ಲಂಡನ್ನಿಗೆ ವಿಸ್ತರಿಸಿದನು. ಅನಿಲವನ್ನು ನೀರಿಗೆ ಸೇರಿಸುವುದಕ್ಕಿಂತ ಅದನ್ನು ಬಾಟಲಿಯೊಳಗೆ ಉಳಿಸಿಕೊಳ್ಳುವುದೇ ಕಠಿಣವಾಗಿತ್ತು. ಬಿರಡೆ ಒಣಗಿದರೆ ಅನಿಲ ಸೋರಿಹೋಗುತ್ತಿತ್ತು. ಈ ಸಮಸ್ಯೆಗೆ ಲಂಡನ್ನಿನಲ್ಲಿ ನೆಲೆಸಿದ್ದ ಎಂಜಿನಿಯರ್ ಹೈರಂ ಕಾಡ್ 1870ರ ದಶಕದ ಆರಂಭದಲ್ಲಿ ಒಂದು ಪರಿಹಾರ ಕಂಡುಹಿಡಿದು ಹಕ್ಕುಸ್ವಾಮ್ಯ ಪಡೆದನು. ಬಾಟಲಿಯ ಕೊರಳಿನೊಳಗೆ ಒಂದು ಗಾಜಿನ ಗೋಲಿ, ತುಟಿಯ ಒಳಗಾಡಿಯಲ್ಲಿ ಒಂದು ರಬ್ಬರ್ ಬಳೆ ಇದ್ದರೆ, ಒಳಗಿನ ಅನಿಲದ ಒತ್ತಡವೇ ಗೋಲಿಯನ್ನು ಬಳೆಗೆ ಒತ್ತಿ ಹಿಡಿಯುತ್ತದೆ. ಬೇರೆ ಬಿರಡೆಯ ಅಗತ್ಯವಿಲ್ಲ.

ಇದನ್ನು ತುಂಬುವ ಕ್ರಮವೂ ವಿಶಿಷ್ಟವಾದುದು. ಬಾಟಲಿಯನ್ನು ಯಂತ್ರದ ಚೌಕಟ್ಟಿಗೆ ಸಿಕ್ಕಿಸಿ, ಒತ್ತಡದಲ್ಲಿ ಅನಿಲ ತುಂಬಿ, ಕೈಯಿಂದ ತಿರುಗಿಸಿ ತಲೆಕೆಳಗು ಮಾಡಿದಾಗ ಗೋಲಿ ತುಟಿಯ ಕಡೆಗೆ ಜಾರಿ ಕಚ್ಚಿಕೊಳ್ಳುತ್ತದೆ. ತೆರೆಯುವಾಗ ಗೋಲಿಯನ್ನು ಹೆಬ್ಬೆರಳಿನಿಂದಲೋ ಮರದ ಗುಬುಟಿನಿಂದಲೋ ಒಳಗೆ ಒತ್ತಬೇಕು. ಕೊರಳಿನ ಕೆಳಗೆ ಎರಡು ಕಡೆ ಹಿಸುಕಿದಂತಿರುವ ತಗ್ಗುಗಳು ಗೋಲಿ ಬಾಟಲಿಯ ತಳಕ್ಕೆ ಬೀಳದಂತೆ ತಡೆಯುತ್ತವೆ. ಕುಡಿಯುವಾಗ ಗೋಲಿ ಮರಳಿ ಬಾಯಿಗೆ ಅಡ್ಡ ಬಾರದಂತೆ ಅದನ್ನು ಹಿಡಿದಿಡಲು ಇನ್ನೊಂದು ಉಬ್ಬು ಇರುತ್ತದೆ. ಹೀಗೆ ತೆರೆಯುವಾಗ ಕೇಳಿಬರುವ ಸದ್ದಿನಿಂದಾಗಿಯೇ ಕನ್ನಡದಲ್ಲಿ ಸೋಡಾ ‘ತೆರೆ’ಯುವುದಕ್ಕಿಂತ ಸೋಡಾ ‘ಒಡೆ’ಯುವುದು ಎಂಬ ಮಾತು ಬಳಕೆಗೆ ಬಂದಿರಬೇಕು. ಬಾಟಲಿಯ ದಪ್ಪ ಗಾಜು ‘ಸೋಡಾಬುಡ್ಡಿ’ ಎಂಬ ಪದವನ್ನು ದಪ್ಪ ಕನ್ನಡಕಕ್ಕೂ, ಅದನ್ನು ಧರಿಸಿದವರಿಗೂ ಅಂಟಿಸಿತು. ಪರದೇಶದಿಂದ ಬಂದ ವಸ್ತುವೊಂದು ಜನರ ನಿತ್ಯದ ಮಾತಿನಲ್ಲಿ ಬೇರೂರಿದ ಬಗೆಗೆ ಇವು ಸಾಕ್ಷಿಗಳಾಗಿವೆ.

ಇಂಥ ಬಾಟಲಿಗಳು ಲಕ್ಷಗಟ್ಟಲೆ ತಯಾರಾದರೂ ಹಳೆಯವು ಇಂದು ವಿರಳ. ಇದಕ್ಕೆ ಕಾರಣ ಅವುಗಳ ಹೊಟ್ಟೆಯೊಳಗೇ ಇದೆ. ಗೋಲಿಯಾಟಕ್ಕಾಗಿ ಮಕ್ಕಳು ಬಾಟಲಿಗಳನ್ನು ಒಡೆದು ಗೋಲಿ ತೆಗೆಯುತ್ತಿದ್ದರು. ಇಂಗ್ಲೆಂಡಿನಲ್ಲಿಯೂ ಇದು ನಡೆದಿತ್ತು, ಭಾರತದಲ್ಲಿಯೂ ನಡೆದಿತ್ತು. ಬಾಟಲಿ ಕಾರ್ಖಾನೆಗೆ ಮರಳಿ ತುಂಬುವ ಸಾಧನವಾಗಿತ್ತು. ಮಗುವಿಗೆ ಅದು ಗೋಲಿಯನ್ನು ಬಚ್ಚಿಟ್ಟ ಪೆಟ್ಟಿಗೆಯಾಗಿತ್ತು. ಒಂದೇ ವಸ್ತುವಿಗೆ ಇರುವ ಈ ಎರಡು ಬೆಲೆಗಳ ನಡುವೆ ಬಹುಪಾಲು ಬಾಟಲಿಗಳು ನಾಶವಾದವು.

2. ಬಾಟಲಿಯ ಹಿಂದಿನ ಮೊದಲ ಮನೆತನಗಳು

ಬಾಟಲಿಯ ಕುಟುಂಬ ಚರಿತ್ರೆಯನ್ನು ಹುಡುಕಹೊರಟವರು ಮೊದಲು ಗಮನಿಸಬೇಕಾದುದು ಅದರ ಮೇಲೆ ಎರಡು ಬಗೆಯ ಹೆಸರುಗಳಿರಬಹುದೆಂಬ ಸಂಗತಿ. ಹೊಟ್ಟೆಯ ಮೇಲೆ ದೊಡ್ಡ ಅಕ್ಷರಗಳಲ್ಲಿರುವುದು ಸೋಡಾ ತುಂಬಿ ಮಾರಿದವರ ಹೆಸರು. ಬುಡದ ಸಮೀಪ ಅಥವಾ ಹಿಂಬದಿಯಲ್ಲಿ ಸಣ್ಣದಾಗಿರುವುದು ಗಾಜನ್ನು ಊದಿ ಬಾಟಲಿ ಮಾಡಿದವರ ಹೆಸರು. ಇವೆರಡನ್ನು ಬೆರೆಸಿದರೆ ಶೋಧ ಆರಂಭದಲ್ಲಿಯೇ ದಾರಿ ತಪ್ಪುತ್ತದೆ.

ಬಾಟಲಿ ತಯಾರಕರ ಮನೆತನಗಳ ಪೈಕಿ ಪ್ರಮುಖವಾದುದು ಇಂಗ್ಲೆಂಡಿನ ಬಾರ್ನ್ಸ್‌ಲಿಯ ರೈಲಂಡ್ಸ್ ಕುಟುಂಬ. 1870ರ ದಶಕದಲ್ಲಿ ಹೈರಂ ಕಾಡ್ ಅಲ್ಲಿಯ ಹೋಪ್ ಗಾಜಿನ ಕಾರ್ಖಾನೆಯ ಬೆನ್ ರೈಲಂಡ್ಸ್ ಜೊತೆಗೆ ಪಾಲುದಾರನಾದನು. ಬೆನ್ 1881ರಲ್ಲಿ ತೀರಿಕೊಂಡ ನಂತರ ಮಗ ಡ್ಯಾನ್ ರೈಲಂಡ್ಸ್ ಉದ್ಯಮವನ್ನು ಮುಂದುವರಿಸಿದನು. ಕಾಡ್ 1887ರಲ್ಲಿ ನಿಧನನಾದನು. ಒಂದೇ ಕಾರ್ಖಾನೆಯಿಂದ ಬಂದ ಬಾಟಲಿಗಳಲ್ಲಿ ಕಾಡ್ ಹಾಗೂ ರೈಲಂಡ್ಸ್ ಹೆಸರುಗಳು ಜೋಡಿಯಾಗಿ ಬರುವುದು ಒಂದು ಕಾಲಘಟ್ಟವನ್ನೂ, ಡ್ಯಾನ್ ರೈಲಂಡ್ಸ್ ಹೆಸರು ಒಂಟಿಯಾಗಿ ಬರುವುದು ಅದರ ನಂತರದ ಘಟ್ಟವನ್ನೂ ಸೂಚಿಸುತ್ತವೆ. ಪಾಲುದಾರಿಕೆಯೊಂದರ ಆರಂಭ, ತಂದೆಯ ಸಾವು, ಮಗನ ಉತ್ತರಾಧಿಕಾರ ಇವೆಲ್ಲ ಬಾಟಲಿಯ ಬುಡದಲ್ಲಿ ದಾಖಲಾಗಿವೆ. ಗಾಜು ಕುಟುಂಬ ಚರಿತ್ರೆಗೆ ನೇರವಾದ ಆಕರವಾಗುವ ಸಂದರ್ಭವಿದು.

ಕಾಡ್ ಬೇರೆ ಗಾಜಿನ ಕಾರ್ಖಾನೆಗಳಿಗೂ ಪರವಾನಗಿ ನೀಡಿದ್ದನು. ಆದ್ದರಿಂದ ಅವನ ಹೆಸರಿರುವ ಬಾಟಲಿಗಳೆಲ್ಲ ಅವನ ಪಾಲುದಾರಿಕೆಯ ಕಾರ್ಖಾನೆಯವು ಎನ್ನುವಂತಿಲ್ಲ. ಹಕ್ಕುಸ್ವಾಮ್ಯದ ಅವಧಿ ಮುಗಿದ ಮೇಲೆ ಬಾಟಲಿಯನ್ನು ಯಾರು ಬೇಕಾದರೂ ತಯಾರಿಸಬಹುದಾಯಿತು. ಇಂಗ್ಲೆಂಡಿನಲ್ಲಿ ಇದರ ಬಳಕೆ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕ್ಷೀಣಿಸಿತು. ಜಪಾನಿನಲ್ಲಿ ‘ರಾಮುನೆ’ ಎಂಬ ಪಾನೀಯದಲ್ಲಿಯೂ, ಭಾರತದಲ್ಲಿ ಗೋಲಿ ಸೋಡಾ, ಗೋಟಿ ಸೋಡಾ, ಬಂಟಾ ಮೊದಲಾದ ಹೆಸರುಗಳಲ್ಲಿಯೂ ಉಳಿದುಬಂದಿತು.

ಕಾಡ್ ಹೆಸರಿನ ಸುತ್ತ ಬೆಳೆದ ಒಂದು ಕಥೆ ಶೋಧಕರಿಗೆ ಎಚ್ಚರಿಕೆಯ ಪಾಠವಾಗಬಲ್ಲದು. ‘ಅಸಂಬದ್ಧ ಮಾತು’ ಎಂಬರ್ಥದ ‘ಕಾಡ್ಸ್‌ವಾಲಪ್’ ಎಂಬ ಇಂಗ್ಲಿಷ್ ಪದವು ಕಾಡ್‌ನ ಬಾಟಲಿಯಿಂದಲೇ ಹುಟ್ಟಿತೆಂದು ಇಂಗ್ಲೆಂಡಿನಲ್ಲಿ ಬಹಳ ಜನ ನಂಬುತ್ತಾರೆ. ಆದರೆ ಆ ಪದಕ್ಕೆ ದೊರೆಯುವ ಲಿಖಿತ ಪ್ರಯೋಗಗಳು 1950ರ ದಶಕದ ಕೊನೆಯವು. ಕಾಡ್ ಸತ್ತು ಆಗಲೇ ಎಪ್ಪತ್ತು ವರ್ಷಗಳಾಗಿದ್ದವು. ಉತ್ತರ ಕರ್ನಾಟಕದಲ್ಲಿಯೂ ಇದಕ್ಕೆ ಸಮಾನಾಂತರವಾದ ಅಪಾಯವೊಂದಿದೆ. ವಿಚ್ಛೇದನದ ಪತ್ರಕ್ಕೆ ಬಳಕೆಯಲ್ಲಿರುವ ‘ಸೋಡಚೀಟಿ’ ಎಂಬ ಪದವನ್ನು ಕೇಳಿದವರು ಸೋಡಾದೊಡನೆ ತಳುಕು ಹಾಕುವುದುಂಟು. ವಾಸ್ತವವಾಗಿ ಅದು ‘ಬಿಡು’ ಎಂಬರ್ಥದ ಮರಾಠಿ ಧಾತುವಿನಿಂದ ಬಂದ ಪದ. ಪಾನೀಯಕ್ಕೂ ಅದಕ್ಕೂ ಸಂಬಂಧವಿಲ್ಲ. ಧ್ವನಿಸಾಮ್ಯ ಸಂಬಂಧಕ್ಕೆ ಸಾಕ್ಷಿಯಲ್ಲ. ಮನೆತನಗಳ ಕಥನಗಳನ್ನು ಸಂಗ್ರಹಿಸುವಾಗಲೂ ಈ ವಿವೇಕ ಅಗತ್ಯ.

3. ಹೆಸರು ಮರೆಮಾಚುವ ಮನೆತನಗಳು

ಸೋಡಾ ತುಂಬಿದವರ ಹೆಸರಿಗೆ ಬಂದರೆ ಶೋಧ ಇನ್ನೂ ಜಟಿಲವಾಗುತ್ತದೆ. ಭಾರತದ ಎರಡು ಪ್ರಸಿದ್ಧ ನಿದರ್ಶನಗಳನ್ನು ಗಮನಿಸಬಹುದು.

ಮುಂಬಯಿಯಲ್ಲಿ 1889ರಲ್ಲಿ ಪಾರ್ಸಿ ಸಮುದಾಯದ ದಿನ್‌ಶಾಜಿ ಕೂವರ್ಜಿ ಪಾಂಡೋಲೆ ಸೋಡಾ ಉದ್ಯಮವನ್ನು ಸ್ಥಾಪಿಸಿದರು. ಅವರ ಬಾಟಲಿಗಳ ಮೇಲಿನ ಹೆಸರು ‘ಡ್ಯೂಕ್ಸ್’. ಇದನ್ನು ಅಕ್ಷರಶಃ ಓದಿದವರು ಡ್ಯೂಕ್ ಎಂಬ ಇಂಗ್ಲಿಷ್ ಮನೆತನವನ್ನು ಹುಡುಕಿಕೊಂಡು ಹೊರಟರೆ ಆಶ್ಚರ್ಯವಿಲ್ಲ. ಪಾಂಡೋಲೆಯವರು ಕ್ರಿಕೆಟ್ ಆಟಗಾರರಾಗಿದ್ದರೆಂದೂ, ಡ್ಯೂಕ್ಸ್ ಎಂಬ ಕ್ರಿಕೆಟ್ ಚೆಂಡಿನ ಹೆಸರನ್ನೇ ತಮ್ಮ ಪಾನೀಯಕ್ಕೆ ಇಟ್ಟರೆಂದೂ ಹೇಳುವ ಕಥನ ಪ್ರಚಲಿತವಾಗಿದೆ. ಹಲವು ತಲೆಮಾರುಗಳವರೆಗೆ ಕುಟುಂಬದಲ್ಲಿಯೇ ಉಳಿದ ಈ ಉದ್ಯಮವನ್ನು 1994ರಲ್ಲಿ ಪೆಪ್ಸಿ ಕಂಪನಿ ಕೊಂಡುಕೊಂಡಿತು. ಬಾಟಲಿ ಮಾತ್ರ ಉಳಿದು ಕಥನ ಅಳಿದಿದ್ದರೆ ಪಾಂಡೋಲೆ ಎಂಬ ಹೆಸರಿಗೆ ಗಾಜಿನಿಂದ ದಾರಿಯೇ ಇರುತ್ತಿರಲಿಲ್ಲ.

ತಮಿಳುನಾಡಿನ ವಿರುದುನಗರದಲ್ಲಿ 1916ರಲ್ಲಿ ಪಿ.ವಿ.ಎಸ್.ಕೆ. ಪಳನಿಯಪ್ಪ ನಾಡಾರರು ಆರಂಭಿಸಿದ ಉದ್ಯಮದ ಗುರುತು ‘ಕಾಳಿ ಮಾರ್ಕ್’. ಮುಂದೆ ‘ಬೊವೊಂಟೊ’ ಎಂಬ ಪಾನೀಯದಿಂದ ಹೆಸರಾದ ಈ ಸಂಸ್ಥೆ ಕುಟುಂಬದ ಶಾಖೆಗಳಲ್ಲಿ ಹಂಚಿಕೊಂಡು ಬೆಳೆಯಿತು. ಇಲ್ಲಿಯೂ ಗುರುತಿನ ಹೆಸರಿನಲ್ಲಿ ಸಂಸ್ಥಾಪಕರ ಹೆಸರಿಲ್ಲ. ಮುಂಬಯಿಯ ಬಾಟಲಿಯಲ್ಲಿ ಪರದೇಶದ ಆಟದ ಹೆಸರು, ವಿರುದುನಗರದ ಬಾಟಲಿಯಲ್ಲಿ ದೇವಿಯ ಹೆಸರು ನಿಂತು ಮನೆತನವನ್ನು ಹಿಂದಕ್ಕೆ ಸರಿಸಿವೆ. ವ್ಯಾಪಾರದ ದೃಷ್ಟಿಯಿಂದ ಇದು ಸಹಜವಾದುದು. ಕೊಳ್ಳುವವರಿಗೆ ಪರಿಚಿತವಾದ, ಗೌರವ ತರುವ ಹೆಸರನ್ನು ವ್ಯಾಪಾರಿ ಆರಿಸುತ್ತಾನೆ. ಆದರೆ ಚರಿತ್ರೆಕಾರನ ಮಟ್ಟಿಗೆ ಈ ಆಯ್ಕೆ ಒಂದು ತೆರೆಯಾಗುತ್ತದೆ.

ಇದಕ್ಕೆ ವಿರುದ್ಧವಾದ ಪ್ರಕ್ರಿಯೆಯೂ ಇದೆ. ಕೆಲವೊಮ್ಮೆ ವೃತ್ತಿಯೇ ಮನೆತನದ ಹೆಸರಾಗುತ್ತದೆ. ಪಾರ್ಸಿಗಳಲ್ಲಿ ‘ಸೋಡಾವಾಟರ್‌ವಾಲಾ’ ಎಂಬ ಅಡ್ಡಹೆಸರು ರೂಢಿಗೆ ಬಂದದ್ದು ಹೀಗೆ. ಉತ್ತರ ಕರ್ನಾಟಕದ ಜನರಿಗೆ ಇದು ವಿಚಿತ್ರವೆನಿಸದು. ಬೆಲ್ಲದ, ಉಪ್ಪಿನ, ಅಕ್ಕಿ, ಮೆಣಸಿನಕಾಯಿ, ಉಳ್ಳಾಗಡ್ಡಿ ಮುಂತಾದ ಅಡ್ಡಹೆಸರುಗಳು ಮನೆತನಗಳ ಹಿಂದಿನ ವ್ಯಾಪಾರವನ್ನೋ, ಬೆಳೆಯನ್ನೋ, ಯಾವುದೋ ಪ್ರಸಂಗವನ್ನೋ ಇಂದಿಗೂ ಹೊತ್ತು ನಿಂತಿವೆ. ಬಡಿಗೇರ, ಪತ್ತಾರ, ಗಾಣಿಗೇರ, ಹೂಗಾರ ಎಂಬವು ಕಸುಬನ್ನೇ ಹೇಳುತ್ತವೆ. ಆದ್ದರಿಂದ ಈ ಭಾಗದಲ್ಲಿ ಸೋಡಾ ಬಾಟಲಿಯ ಹಿಂದಿರುವ ಮನೆತನವನ್ನು ಹುಡುಕುವವರು ಬಾಟಲಿಯ ಮೇಲಿನ ಹೆಸರನ್ನಷ್ಟೇ ನೆಚ್ಚದೆ, ಊರವರು ಆ ಮನೆಯನ್ನು ಯಾವ ಹೆಸರಿನಿಂದ ಕರೆಯುತ್ತಿದ್ದರು ಎಂಬುದನ್ನು ವಿಚಾರಿಸಬೇಕು. ಗಾಜಿನ ಮೇಲೆ ದೇವರ ಹೆಸರಿದ್ದು, ಊರಿನ ಬಾಯಲ್ಲಿ ಮನೆತನಕ್ಕೆ ಸೋಡಾದ ಹೆಸರು ಅಂಟಿರಬಹುದು. ಮತದಾರರ ಪಟ್ಟಿಯಲ್ಲಿ, ಶಾಲೆಯ ದಾಖಲಾತಿಯಲ್ಲಿ ಅದೇ ಮನೆತನ ಮೂರನೆಯ ಹೆಸರಿನಿಂದ ಇರಬಹುದು. ಈ ಮೂರೂ ಒಂದೇ ಮನೆ ಎಂದು ಹೇಳಬಲ್ಲವರು ಊರಿನ ಹಿರಿಯರು ಮಾತ್ರ.

4. ಕೊಪ್ಪಳ ಸೀಮೆಯ ಸಂದರ್ಭ

ಈ ಹಿನ್ನೆಲೆಯಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಪ್ರದೇಶವನ್ನು ನೋಡಿದರೆ ಶೋಧದ ಸಮಸ್ಯೆಗಳು ಸ್ಪಷ್ಟವಾಗುತ್ತವೆ. ಈ ಭಾಗ 1948ರ ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕೊಪ್ಪಳ ಹಾಗೂ ಯಲಬುರ್ಗಾ ಸೀಮೆ ಸಾಲಾರ್ ಜಂಗ್ ಮನೆತನದ ಜಾಗೀರಾಗಿತ್ತು. ಜಾಗೀರುಗಳು 1949ರಲ್ಲಿ ರದ್ದಾದವು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯ ಭಾಗವಾಗಿ ಈ ಪ್ರದೇಶ ಮೈಸೂರು ರಾಜ್ಯವನ್ನು ಸೇರಿತು. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1990ರ ದಶಕದ ಕೊನೆಗೆ. ಒಂದೇ ಅಂಗಡಿ ತಾನು ನಿಂತಲ್ಲಿಯೇ ನಿಂತು ನಾಲ್ಕು ಆಡಳಿತಗಳನ್ನು ಕಂಡಿರಬಹುದು. ಅದರ ಕಾಗದಪತ್ರಗಳು ಆಡಳಿತದೊಡನೆ ಊರೂರು ಅಲೆದಿವೆ. ಸಂಸ್ಥಾನದ ಕಾಲದ ದಾಖಲೆಗಳು ಉರ್ದುವಿನಲ್ಲಿವೆ. ಅವುಗಳ ಮುಖ್ಯ ಭಂಡಾರ ಹೈದರಾಬಾದಿನ ರಾಜ್ಯ ಪತ್ರಾಗಾರ. ಕನ್ನಡವನ್ನಷ್ಟೇ ಬಲ್ಲ ಸಂಶೋಧಕನಿಗೆ ತನ್ನ ಊರಿನ ಸಣ್ಣ ಕಾರ್ಖಾನೆಯ ಚರಿತ್ರೆ ಬೇರೆ ರಾಜ್ಯದಲ್ಲಿ, ಬೇರೆ ಲಿಪಿಯಲ್ಲಿ ಸಿಗುವ ಸ್ಥಿತಿ ಇದು.

ಆದರೆ ಬಾಟಲಿಗಳು ಆಡಳಿತದ ಗಡಿಗಳನ್ನು ಪಾಲಿಸಲಿಲ್ಲ. ಗದಗ ಹಾಗೂ ಹೊಸಪೇಟೆಗಳ ನಡುವಿನ ರೈಲುಮಾರ್ಗ ಕೊಪ್ಪಳದ ಮೂಲಕ ಹಾದುಹೋಗುತ್ತದೆ. ಬ್ರಿಟಿಷರ ಕಾಲದಲ್ಲಿ ಗದಗ ಮುಂಬಯಿ ಪ್ರಾಂತದಲ್ಲಿಯೂ, ಹೊಸಪೇಟೆ ಮದರಾಸು ಪ್ರಾಂತದಲ್ಲಿಯೂ ಇದ್ದವು. ನಡುವಿನ ಕೊಪ್ಪಳ ನಿಜಾಮರದು. ಕೆಲವೇ ಗಂಟೆಗಳ ಪ್ರಯಾಣದಲ್ಲಿ ಮೂರು ಆಡಳಿತಗಳು ಎದುರಾಗುತ್ತಿದ್ದವು. ಇಂಥ ಮಾರ್ಗದಲ್ಲಿ ಮುಂಬಯಿಯ ಬಾಟಲಿ, ಮದರಾಸಿನ ಬಾಟಲಿ, ಹೈದರಾಬಾದಿನ ಬಾಟಲಿ ಒಂದೇ ಸಂತೆಯಲ್ಲಿ ಸೇರುವುದಕ್ಕೆ ಅಡ್ಡಿಯಿರಲಿಲ್ಲ. ಆದುದರಿಂದ ಇರಕಲ್ಲಗಡದಂಥ ಊರಿನ ಮನೆಯ ಅಟ್ಟದಲ್ಲಿ ಉಬ್ಬಕ್ಷರದ ಬಾಟಲಿಯೊಂದು ದೊರೆತರೆ, ಅದು ದೊರೆತ ಸ್ಥಳವನ್ನೇ ಅದರ ಮೂಲವೆಂದು ಭಾವಿಸಲಾಗದು.

ಇಲ್ಲಿ ಸೋಡಾ ವ್ಯಾಪಾರದ ಒಂದು ಒಳನಿಯಮವನ್ನು ನೆನೆಯಬೇಕು. ಗಿರಾಕಿ ಕೊಳ್ಳುತ್ತಿದ್ದುದು ಬಾಟಲಿಯನ್ನಲ್ಲ, ಅದರೊಳಗಿನ ಸೋಡಾವನ್ನು. ಕುಡಿದು ಖಾಲಿ ಬಾಟಲಿಯನ್ನು ಅಲ್ಲಿಯೇ ಮರಳಿಸಬೇಕಿತ್ತು. ಹಾಗಾಗಿ ಮನೆಯೊಂದರಲ್ಲಿ ಹಳೆಯ ಬಾಟಲಿ ಉಳಿದಿದೆಯೆಂದರೆ ಅದಕ್ಕೆ ಕೆಲವೇ ವಿವರಣೆಗಳು ಸಾಧ್ಯ: ಆ ಮನೆಯವರೇ ಸೋಡಾ ತುಂಬುತ್ತಿದ್ದರು, ಅಥವಾ ಅವರು ಮಾರುವ ಅಂಗಡಿಯವರಾಗಿದ್ದರು, ಅಥವಾ ಮದುವೆ, ಜಾತ್ರೆಗಳಿಗೆ ತರಿಸಿದ ಕ್ರೇಟಿನಲ್ಲಿ ಒಂದು ಮರಳದೆ ಉಳಿಯಿತು, ಅಥವಾ ಗುಜರಿಯಿಂದ ಬಂದಿತು. ಇದರ ಜೊತೆಗೆ ಒಬ್ಬರ ಹೆಸರಿನ ಬಾಟಲಿಯಲ್ಲಿ ಇನ್ನೊಬ್ಬರು ಸೋಡಾ ತುಂಬುವುದೂ ಈ ವ್ಯಾಪಾರದಲ್ಲಿ ಸಾಮಾನ್ಯವಾಗಿತ್ತು. ಹೊಸ ಬಾಟಲಿ ತರಿಸುವುದು ಸಣ್ಣ ಬಂಡವಾಳದವರಿಗೆ ಭಾರವಾದುದರಿಂದ ಹಳೆಯ ಬಾಟಲಿಗಳು ಕೈಯಿಂದ ಕೈಗೆ ಮಾರಾಟವಾಗುತ್ತಿದ್ದವು. ಹೀಗಾಗಿ ಹೆಸರಿಲ್ಲದ ಅನೇಕ ಮನೆತನಗಳು ಬೇರೆಯವರ ಹೆಸರಿನ ಗಾಜಿನಲ್ಲಿಯೇ ಜೀವನ ಸಾಗಿಸಿದವು. ಹೆಸರಿರುವ ಬಾಟಲಿಗಳನ್ನಷ್ಟೇ ಬೆನ್ನುಹತ್ತಿದರೆ ಬಾಟಲಿಯ ಮೇಲೆ ಹೆಸರು ಬರೆಸುವಷ್ಟು ಬಂಡವಾಳವಿದ್ದವರ ಚರಿತ್ರೆ ಮಾತ್ರ ದೊರೆಯುತ್ತದೆ.

5. ಕಾಲನಿರ್ಣಯ ಮತ್ತು ಪರೀಕ್ಷೆ

ಶೋಧದ ಮೊದಲ ಹೆಜ್ಜೆ ವಸ್ತುವಿನ ಭೌತಿಕ ಪರೀಕ್ಷೆ. ಹಳೆಯ ಬಾಟಲಿಗಳಲ್ಲಿ ಗೋಲಿಯನ್ನು ಒಳಗೆ ಹಾಕಿದ ಮೇಲೆ ತುಟಿಯನ್ನು ಬೇರೆ ಗಾಜಿನಿಂದ ಕೈಯಲ್ಲಿ ರೂಪಿಸುತ್ತಿದ್ದರು. ಅಚ್ಚಿನ ಎರಡು ಭಾಗಗಳು ಕೂಡುವ ಗೆರೆ ತುಟಿಯವರೆಗೆ ಹೋಗದೆ ಕೊರಳಿನಲ್ಲಿಯೇ ನಿಂತಿದ್ದರೆ ಇದು ತಿಳಿಯುತ್ತದೆ. ಗಾಜಿನೊಳಗಿನ ಗುಳ್ಳೆಗಳು, ಬುಡದ ಸವೆತ, ಕ್ರೇಟಿನಲ್ಲಿ ಒಂದಕ್ಕೊಂದು ಉಜ್ಜಿ ಬಿದ್ದ ಗೀರುಗಳ ಪಟ್ಟಿ ಇವು ಬಾಟಲಿ ನಿಜವಾಗಿ ಬಳಕೆಯಲ್ಲಿತ್ತೆಂಬುದನ್ನು ಹೇಳುತ್ತವೆ.

ಎರಡನೆಯದು ಅಳತೆಯ ಗುರುತು. ಭಾರತದಲ್ಲಿ ಮೆಟ್ರಿಕ್ ಪದ್ಧತಿಯ ಕಾನೂನು ಬಂದದ್ದು 1956ರಲ್ಲಿ. ಅದು ಹಂತಹಂತವಾಗಿ ಜಾರಿಗೆ ಬಂದದ್ದು 1958ರಿಂದ 1960ರ ದಶಕದ ಆರಂಭದವರೆಗೆ. ಮಿಲಿಲೀಟರಿನ ಅಳತೆ ಗಾಜಿನಲ್ಲಿಯೇ ಅಚ್ಚಾಗಿರುವ ಬಾಟಲಿಯನ್ನು ನಿಜಾಮರ ಕಾಲದ್ದೆಂದು ಹೇಳುವಂತಿಲ್ಲ. ಮೂರನೆಯದು ಸ್ಥಳನಾಮ. ಊರಿನ ಮುಂದೆ ‘ದಖನ್’ ಎಂದಿದೆಯೋ, ‘ರಾಯಚೂರು ಜಿಲ್ಲೆ’ ಎಂದಿದೆಯೋ, ‘ಕೊಪ್ಪಳ ಜಿಲ್ಲೆ’ ಎಂದಿದೆಯೋ ಎಂಬುದರಿಂದ ಕಾಲದ ಒಂದು ಮಿತಿ ದೊರೆಯುತ್ತದೆ. ನಾಲ್ಕನೆಯದು ಲಿಪಿ. ಇದನ್ನು ಮಾತ್ರ ಎಚ್ಚರದಿಂದ ಬಳಸಬೇಕು. ಅಚ್ಚು ಕೊರೆದವರು ಬಾರ್ನ್ಸ್‌ಲಿಯವರೋ, ಮುಂದಿನ ಕಾಲದಲ್ಲಿ ಉತ್ತರ ಪ್ರದೇಶದ ಗಾಜಿನ ಕಾರ್ಖಾನೆಗಳವರೋ ಆಗಿರುತ್ತಿದ್ದರು. ಕನ್ನಡದ ಊರು, ಮನುಷ್ಯರ ಹೆಸರುಗಳು ಅವರ ಕಿವಿಗೂ ಕೈಗೂ ಅಪರಿಚಿತ. ಆದ್ದರಿಂದ ಬಾಟಲಿಯ ಮೇಲಿನ ಕಾಗುಣಿತವು ಮನೆತನದವರ ಉಚ್ಚಾರವನ್ನು ಯಥಾವತ್ತಾಗಿ ಹೇಳುತ್ತದೆಂದು ನಂಬಬಾರದು. ಒಂದು ಹೆಸರಿನ ಹಲವು ಸಾಧ್ಯ ರೂಪಗಳನ್ನು ಬರೆದಿಟ್ಟುಕೊಂಡು ದಾಖಲೆಗಳಲ್ಲಿ ಹುಡುಕುವುದು ಸೂಕ್ತ.

ಐದನೆಯದು ಖೋಟಾ ವಸ್ತುಗಳ ಸಮಸ್ಯೆ. ನೀಲಿ, ಹಸಿರು, ಕಂದು ಬಣ್ಣಗಳ ಹೊಸ ಗೋಲಿ ಬಾಟಲಿಗಳು ಹಳೆಯ ವಸ್ತುಗಳ ಮಾರುಕಟ್ಟೆಯಲ್ಲಿ ‘ಪುರಾತನ’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿವೆ. ಕಾಡ್‌ನ ಕಾಲದ ಕಡುನೀಲಿ ಬಾಟಲಿಗಳಿಗೆ ಸಂಗ್ರಾಹಕರಲ್ಲಿ ಬೇಡಿಕೆ ಹೆಚ್ಚಿರುವುದು ಇದಕ್ಕೆ ಕಾರಣ. ಹೊಸ ಬಾಟಲಿಯ ಗೀರುಗಳು ಎಲ್ಲೆಡೆ ಸಮನಾಗಿರುತ್ತವೆ. ಬಳಕೆಯಿಂದ ಬಿದ್ದ ಗೀರು ಹೊಟ್ಟೆಯ ಅತ್ಯಂತ ಉಬ್ಬಿದ ಭಾಗದಲ್ಲಿ ದಟ್ಟವಾಗಿರುತ್ತದೆ.

ವಸ್ತುವಿನ ಪರೀಕ್ಷೆ ಮುಗಿದ ಮೇಲೆ ಕಾಗದದ ಸರದಿ. ಕಲ್ಕತ್ತೆಯಿಂದ ಪ್ರಕಟವಾಗುತ್ತಿದ್ದ ‘ಥ್ಯಾಕರ್ಸ್ ಇಂಡಿಯನ್ ಡೈರೆಕ್ಟರಿ’ ಊರುವಾರು ವ್ಯಾಪಾರಸ್ಥರನ್ನು ಹೆಸರಿಸುತ್ತದೆ. ಪುರಸಭೆಗಳ ಪರವಾನಗಿ ವಹಿಗಳು, ಆಸ್ತಿ ನೋಂದಣಿ ಪತ್ರಗಳು, ಪಾಲುವಾಟ್ನಿ ಪತ್ರಗಳು, ನ್ಯಾಯಾಲಯದ ದಾವೆಗಳು ಇನ್ನೂ ಹೆಚ್ಚು ಉಪಯುಕ್ತ. ಅಣ್ಣತಮ್ಮಂದಿರು ಬೇರೆಯಾದಾಗ ಯಂತ್ರ ಯಾರಿಗೆ, ಬಾಟಲಿಗಳು ಯಾರಿಗೆ ಎಂಬುದನ್ನು ಪಾಲುವಾಟ್ನಿ ಪತ್ರವಲ್ಲದೆ ಇನ್ನಾವ ಕಾಗದವೂ ಹೇಳಲಾರದು.

6. ನೆನಪಿನ ಆಕರ

ಕಾಗದವು ಮೌನವಾಗುವಲ್ಲಿ ನೆನಪು ಆರಂಭವಾಗುತ್ತದೆ. ಜಾನಪದ ಕ್ಷೇತ್ರಕಾರ್ಯದ ಶಿಸ್ತು ಇಲ್ಲಿ ಚರಿತ್ರೆಗೆ ನೆರವಾಗಬಲ್ಲದು. ‘ಈ ಬಾಟಲಿ ಯಾರದು?’ ಎಂದು ನೇರವಾಗಿ ಕೇಳಿದರೆ ಉತ್ತರ ಒಂದೇ ಮಾತಿನಲ್ಲಿ ಮುಗಿಯುತ್ತದೆ. ಜಾತ್ರೆಯಲ್ಲಿ ಸೋಡಾದ ಗಾಡಿ ಎಲ್ಲಿ ನಿಲ್ಲುತ್ತಿತ್ತು, ಮದುವೆಗೆ ಎಲ್ಲಿಂದ ತರಿಸುತ್ತಿದ್ದರು, ಹೊಟ್ಟೆ ಉಬ್ಬರಿಸಿದಾಗ ಸೋಡಾ ತರಲು ಯಾರ ಅಂಗಡಿಗೆ ಓಡುತ್ತಿದ್ದರು, ಒಡೆದ ಬಾಟಲಿಯ ಗೋಲಿ ಯಾರ ಪಾಲಾಗುತ್ತಿತ್ತು ಎಂದು ಕೇಳಿದರೆ ನೆನಪು ಬಿಚ್ಚಿಕೊಳ್ಳುತ್ತದೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ, ಹುಲಿಗಿಯ ಹುಲಿಗೆಮ್ಮನ ಜಾತ್ರೆ ಇಂಥ ನೆನಪುಗಳನ್ನು ಕಾಲಕ್ಕೆ ಕಟ್ಟಿಹಾಕುವ ಗೂಟಗಳಾಗಬಲ್ಲವು. ಮುನಿರಾಬಾದಿನ ಬಳಿ 1945ರಿಂದ 1953ರ ವರೆಗೆ ನಡೆದ ತುಂಗಭದ್ರಾ ಅಣೆಕಟ್ಟಿನ ಕಾಮಗಾರಿ ಈ ಭಾಗಕ್ಕೆ ಅಪಾರ ಸಂಖ್ಯೆಯ ಕೂಲಿಕಾರರನ್ನು ತಂದಿತು. ‘ಡ್ಯಾಮ್ ಕಟ್ಟುವ ಕಾಲಕ್ಕೆ’ ಎಂಬುದು ಇಲ್ಲಿಯ ಹಿರಿಯರಿಗೆ ವರ್ಷಗಳನ್ನು ಎಣಿಸುವ ಒಂದು ಅಳತೆಗೋಲು. ಅಂಗಡಿ ಅದಕ್ಕೆ ಮೊದಲೇ ಇತ್ತೋ, ಆಮೇಲೆ ಬಂತೋ ಎಂಬ ಪ್ರಶ್ನೆಗೆ ಇಸವಿಯ ಪ್ರಶ್ನೆಗಿಂತ ಖಚಿತವಾದ ಉತ್ತರ ದೊರೆಯುತ್ತದೆ.

ಇನ್ನೂ ಸೂಕ್ಷ್ಮವಾದ ಪ್ರಶ್ನೆಗಳಿವೆ. ರೈಲು ನಿಲ್ದಾಣಗಳಲ್ಲಿ ಹಿಂದೂಗಳಿಗೆ ಒಂದು ನೀರು, ಮುಸಲ್ಮಾನರಿಗೆ ಇನ್ನೊಂದು ನೀರು ಇದ್ದ ಕಾಲದಲ್ಲಿ, ಯಾರ ಕೈಯ ನೀರನ್ನು ಯಾರು ಮುಟ್ಟಬೇಕೆಂಬ ಕಟ್ಟುಪಾಡು ಬಿಗಿಯಾಗಿದ್ದ ಸಮಾಜದಲ್ಲಿ, ಮುಚ್ಚಿದ ಬಾಟಲಿಯೊಳಗಿನ ನೀರಿಗೆ ಯಾವ ಸ್ಥಾನವಿತ್ತು? ಅದನ್ನು ತುಂಬಿದವರು ಯಾವ ಸಮುದಾಯದವರು, ಕುಡಿದವರು ಯಾರು, ಕುಡಿಯದವರು ಯಾರು? ತುಟಿ ತಾಗಿಸದೆ ಎತ್ತಿ ಕುಡಿಯುವ ರೂಢಿ ಯಾರನ್ನು ಒಳಗೊಂಡಿತು, ಯಾರನ್ನು ಹೊರಗಿಟ್ಟಿತು? ಒಬ್ಬನಿಗೆ ಬಾಟಲಿಯನ್ನೇ ಕೊಟ್ಟು ಇನ್ನೊಬ್ಬನಿಗೆ ಬೇರೆ ಲೋಟಕ್ಕೆ ಸುರಿದುಕೊಟ್ಟ ಸಂದರ್ಭಗಳಿದ್ದವೇ? ಇವು ಯಾವ ಪರವಾನಗಿ ವಹಿಯಲ್ಲಿಯೂ ಬರೆಯಲ್ಪಡದ ಸಂಗತಿಗಳು. ಮನೆತನವೊಂದರ ಏಳಿಗೆಯ ಕಥೆಯನ್ನು ಕೇಳುವಾಗ ಅದರ ಬಾಗಿಲಲ್ಲಿ ನಿಂತವರ ಕಥೆಯನ್ನೂ ಕೇಳದಿದ್ದರೆ ಚರಿತ್ರೆ ಅರ್ಧವಾಗುತ್ತದೆ.

ದುಡಿಮೆಯ ಪ್ರಶ್ನೆಯೂ ಇದೇ ಬಗೆಯದು. ಬಾಟಲಿಯ ಮೇಲೆ ಯಜಮಾನನ ಹೆಸರಿರಬಹುದು. ಮರಳಿ ಬಂದ ಬಾಟಲಿಗಳನ್ನು ತೊಳೆದವರು, ಯಂತ್ರ ತಿರುಗಿಸಿದವರು, ಕ್ರೇಟು ಹೊತ್ತವರು ಬೇರೆ. ಒತ್ತಡಕ್ಕೆ ಬಾಟಲಿ ಸಿಡಿಯುವುದು ಈ ಕಸುಬಿನ ನಿತ್ಯದ ಅಪಾಯವಾಗಿತ್ತು. ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ತುಂಬುವವರು ಮುಖಕ್ಕೆ ತಂತಿಯ ಬಲೆ, ಕೈಗೆ ಕವಚ ಧರಿಸಬೇಕೆಂಬ ನಿಯಮ ಬಂದದ್ದು ಇದರಿಂದಲೇ. ಮನೆಯ ಹಿಂದಿನ ಪಡಸಾಲೆಯಲ್ಲಿ ನಡೆಯುತ್ತಿದ್ದ ಸಣ್ಣ ಕಾರ್ಖಾನೆಯಲ್ಲಿ ಈ ಕೆಲಸ ಹೆಣ್ಣುಮಕ್ಕಳ, ಮಕ್ಕಳ ಪಾಲಿಗೆ ಬರುತ್ತಿತ್ತೇ ಎಂಬುದನ್ನು ವಿಚಾರಿಸಿದಾಗ ಮಾತ್ರ ‘ಮನೆತನ’ ಎಂಬ ಪದಕ್ಕೆ ಪೂರ್ಣವಾದ ಅರ್ಥ ಬರುತ್ತದೆ. ಅಂಗೈಯ ಮೇಲಿನ ಹಳೆಯ ಗಾಯದ ಗುರುತೂ ಇಲ್ಲಿ ಒಂದು ದಾಖಲೆ.

7. ಜಾನಪದದ ವ್ಯಾಪ್ತಿ

ಕಾರ್ಖಾನೆಯಲ್ಲಿ ಅಚ್ಚುಹಾಕಿದ, ಅದೂ ಪರದೇಶದಲ್ಲಿ ಹುಟ್ಟಿದ ವಸ್ತು ಜಾನಪದದ ಅಧ್ಯಯನಕ್ಕೆ ಹೇಗೆ ಒಳಪಡುತ್ತದೆ ಎಂಬ ಆಕ್ಷೇಪ ಬರಬಹುದು. ಕೊಪ್ಪಳ ತಾಲೂಕಿನ ಕಿನ್ನಾಳದ ಚಿತ್ರಗಾರ ಮನೆತನಗಳ ಮರದ ಗೊಂಬೆಗಳು ಅಧ್ಯಯನಕ್ಕೆ ಯೋಗ್ಯವೆಂಬುದರಲ್ಲಿ ಯಾರಿಗೂ ಅನುಮಾನವಿಲ್ಲ; ಅವುಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ವಸ್ತುಸಂಗ್ರಹಗಳು ನೇಗಿಲು, ಕುಂಟೆ, ಬೀಸುಕಲ್ಲುಗಳಿಗೆ ತೆರೆದಷ್ಟು ಸುಲಭವಾ­ಗಿ ಸೋಡಾ ಬಾಟಲಿಗೆ ಬಾಗಿಲು ತೆರೆಯುವುದಿಲ್ಲ. ಆದರೆ ವಸ್ತುವೊಂದು ಎಲ್ಲಿ ತಯಾರಾಯಿತು ಎಂಬುದಕ್ಕಿಂತ ಅದು ಯಾರ ಕೈಗಳನ್ನು ಹಾದು ಯಾವ ಅರ್ಥಗಳನ್ನು ಪಡೆಯಿತು ಎಂಬುದು ಮುಖ್ಯ. ಅರ್ಜುನ್ ಅಪ್ಪಾದುರೈ ಅವರು 1986ರಲ್ಲಿ ಸಂಪಾದಿಸಿದ, ವಸ್ತುಗಳ ಸಾಮಾಜಿಕ ಬದುಕನ್ನು ಕುರಿತ ಕೃತಿಯಲ್ಲಿ ಇಗೋರ್ ಕೋಪಿಟಾಫ್ ಅವರು ಮನುಷ್ಯರಿಗೆ ಇರುವಂತೆ ವಸ್ತುಗಳಿಗೂ ಜೀವನಚರಿತ್ರೆ ಬರೆಯಬಹುದೆಂಬ ವಿಚಾರವನ್ನು ಮಂಡಿಸಿದರು. ಬಾರ್ನ್ಸ್‌ಲಿಯಲ್ಲಿ ಹುಟ್ಟಿ, ಸಂತೆಯಲ್ಲಿ ನೂರಾರು ಸಲ ತುಂಬಿ ಬರಿದಾಗಿ, ಅಟ್ಟ ಸೇರಿದ ಗೋಲಿ ಬಾಟಲಿಗಿಂತ ಇದಕ್ಕೆ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ.

ಈ ಅಧ್ಯಯನಕ್ಕೆ ಕಾಲ ಕಾಯುವುದಿಲ್ಲ. 1892ರಲ್ಲಿ ಅಮೆರಿಕದ ವಿಲಿಯಂ ಪೇಂಟರ್ ರೂಪಿಸಿದ ತಗಡಿನ ಮುಚ್ಚಳ ಗೋಲಿಗೆ ಮೊದಲ ಪ್ರತಿಸ್ಪರ್ಧಿಯಾಯಿತು. 1990ರ ದಶಕದಲ್ಲಿ ಪೆಪ್ಸಿ ಪ್ರವೇಶಿಸಿ, 1977ರಲ್ಲಿ ದೇಶ ಬಿಟ್ಟಿದ್ದ ಕೋಕಾ ಕೋಲಾ 1993ರಲ್ಲಿ ಮರಳಿದ ಮೇಲೆ, ಪ್ಲಾಸ್ಟಿಕ್ ಬಾಟಲಿಗಳು ಹಳ್ಳಿಯ ಅಂಗಡಿಯವರೆಗೂ ಬಂದವು. ಸಣ್ಣ ಸೋಡಾ ಕಾರ್ಖಾನೆಗಳು ಒಂದೊಂದಾಗಿ ನಿಂತವು. ಇತ್ತೀಚಿನ ವರ್ಷಗಳಲ್ಲಿ ಗೋಲಿ ಸೋಡಾ ಹೊಸ ರೂಪದಲ್ಲಿ ಮರಳಿದೆ. 2025ರಲ್ಲಿ ಅದು ಅಮೆರಿಕ, ಬ್ರಿಟನ್, ಯುರೋಪ್ ಹಾಗೂ ಕೊಲ್ಲಿ ರಾಷ್ಟ್ರಗಳಿಗೆ ರಫ್ತಾಗುತ್ತಿರುವುದನ್ನು ಕೇಂದ್ರ ವಾಣಿಜ್ಯ ಸಚಿವಾಲಯ ಪ್ರಕಟಿಸಿತು. ಪಾನೀಯ ಮರಳಿತು, ಆದರೆ ಅದನ್ನು ಊರೂರಿನಲ್ಲಿ ತುಂಬುತ್ತಿದ್ದ ಮನೆತನಗಳು ಅದರೊಡನೆ ಮರಳಲಿಲ್ಲ. ಕೈಯಿಂದ ಯಂತ್ರ ತಿರುಗಿಸಿದ ತಲೆಮಾರಿನವರು ಇಂದು ಎಂಬತ್ತರ ಆಸುಪಾಸಿನಲ್ಲಿದ್ದಾರೆ.

ಒಟ್ಟಿನಲ್ಲಿ ಗೋಲಿ ಸೋಡಾ ಬಾಟಲಿಯ ಕುಟುಂಬ ಚರಿತ್ರೆಯನ್ನು ಶೋಧಿಸುವುದೆಂದರೆ ಗಾಜಿನ ಮೇಲಿನ ಹೆಸರು, ಕಾಗದದ ಹೆಸರು ಮತ್ತು ಊರವರ ಬಾಯಲ್ಲಿನ ಹೆಸರು ಈ ಮೂರನ್ನೂ ಒಂದೆಡೆ ತಂದು ಕೂಡಿಸುವುದು. ಗಾಜು ಇನ್ನೂ ನೂರು ವರ್ಷ ಉಳಿದೀತು. ಕಾಗದ ಪತ್ರಾಗಾರಗಳಲ್ಲಿ ಕಾಯುತ್ತಿದೆ. ಮೂರನೆಯದಕ್ಕೆ ಮಾತ್ರ ಆ ಅವಕಾಶವಿಲ್ಲ. ಕೊಪ್ಪಳ ಸೀಮೆಯ ಹೋಬಳಿಗಳಲ್ಲಿ ಸೋಡಾ ಅಂಗಡಿಗಳ, ಅವುಗಳ ಹಿಂದಿನ ಮನೆತನಗಳ ಹಾಗೂ ಅಲ್ಲಿ ದುಡಿದವರ ನೆನಪುಗಳನ್ನು ಕ್ರಮಬದ್ಧವಾಗಿ ದಾಖಲಿಸುವ ಕ್ಷೇತ್ರಕಾರ್ಯ ಮೊದಲು ನಡೆಯಬೇಕು. ಬಾಟಲಿಗಳ ಸಂಗ್ರಹ ಅದರ ಹಿಂದೆ ಬರಲಿ. ಹೆಸರನ್ನು ಓದಬಲ್ಲವರು ಇಲ್ಲವಾದ ಮೇಲೆ ಉಳಿಯುವ ಬಾಟಲಿ, ಓದುವವರಿಲ್ಲದ ಶಾಸನದಂತೆ ಕೇವಲ ಅಲಂಕಾರದ ವಸ್ತುವಾಗಿಬಿಡುತ್ತದೆ.